ಅಕ್ಷರಕ್ಕಿಂತ ಮೊದಲು ಚಿತ್ರ ಓದುವವರಿಗೆ

ತಂಗಿ, ಪಂಚಾಯತಿ ಗ್ರಂಥಾಲಯಕ್ಕೆ ಮಕ್ಕಳ ಚಿತ್ರಪುಸ್ತಕ ಕೊಳ್ಳಬೇಕು, ಯಾವುದನ್ನು ತರಲಿ ಎಂದು ಕೇಳಿದ್ದೆ. ಒಂದು ಪಟ್ಟಿ ಬರೆದು ಕೊಟ್ಟುಬಿಡಬಹುದಿತ್ತು. ಆದರೆ ಮುಂದಿನ ವರ್ಷವೂ ಆರಿಸಬೇಕಾದವಳು ನೀನೇ. ಅಂಗಡಿಯಲ್ಲಿ ನಿಂತು, ಪುಸ್ತಕ ಕೈಗೆತ್ತಿಕೊಂಡು, ಇದು ನಮ್ಮ ಸವಳಂಗದ ಮಕ್ಕಳಿಗೆ ಆಗುತ್ತದೋ ಇಲ್ಲವೋ ಎಂದು ಹೇಳುವ ಧೈರ್ಯ ನಿನಗೆ ಬರಲಿ ಎಂಬುದು ನನ್ನ ಆಸೆ. ಒಂದನೇ ಎರಡನೇ ತರಗತಿಯ ಮಕ್ಕಳ ನಡುವೆಯೇ ನೌಕರಿ ಮುಗಿಸಿದ ಮೇಷ್ಟ್ರು ನಾನು. ಅವರು ಪುಸ್ತಕ ಹಿಡಿಯುವುದನ್ನು ನೋಡಿ ನೋಡಿ ತಿಳಿದದ್ದನ್ನು ಹೇಳುತ್ತೇನೆ.

ಚಿಕ್ಕ ಮಗು ಪುಸ್ತಕ ತೆರೆದಾಗ ಅದರ ಕಣ್ಣು ಅಕ್ಷರದ ಕಡೆ ಹೋಗುವುದಿಲ್ಲ, ಚಿತ್ರದ ಮೇಲೆ ಇರುತ್ತದೆ. ಅದೂ ನಾವು ನೋಡುವ ಹಾಗೆ ಒಂದೇ ನೋಟಕ್ಕೆ ಮುಗಿಸುವುದಿಲ್ಲ. ಮೂಲೆಯಲ್ಲಿ ಕೂತ ಬೆಕ್ಕು, ಕಿಟಕಿಯಾಚೆ ಹೋಗುತ್ತಿರುವ ಬಸ್ಸು, ಅಜ್ಜಿಯ ಹರಿದ ಚಪ್ಪಲಿ, ಎಲ್ಲವನ್ನೂ ಬೆರಳಿಟ್ಟು ನೋಡುತ್ತದೆ. ಎರಡು ಪುಟ ಮುಂದೆ ಹೋಗಿ ಆ ಬೆಕ್ಕು ಅಲ್ಲೂ ಇದೆಯಾ ಎಂದು ಹಿಂದಕ್ಕೆ ಬರುತ್ತದೆ. ಇದನ್ನು ಆಟ ಎಂದುಕೊಳ್ಳಬೇಡ, ಓದು ಶುರುವಾಗುವುದೇ ಇಲ್ಲಿಂದ. ಹಾಗಾಗಿ ಅಂಗಡಿಯಲ್ಲಿ ನೀನು ಮೊದಲು ಮಾಡಬೇಕಾದ್ದು ಇಷ್ಟು: ಅಕ್ಷರಗಳ ಮೇಲೆ ಅಂಗೈ ಮುಚ್ಚಿ ಪುಟ ತಿರುವು. ಕತೆ ಅರ್ಧವಾದರೂ ತಿಳಿಯಬೇಕು. ಆಮೇಲೆ ಚಿತ್ರ ಮುಚ್ಚಿ ಬರೀ ಮಾತು ಓದು. ಮಾತಿನಲ್ಲಿ ‘ಮರದ ಮೇಲೆ ಕೋತಿ ಕೂತಿತ್ತು’ ಎಂದಿದ್ದು, ಚಿತ್ರದಲ್ಲೂ ಮರದ ಮೇಲೆ ಕೋತಿ ಕೂತದ್ದಷ್ಟೇ ಇದ್ದರೆ, ಚಿತ್ರಕ್ಕೆ ಕೆಲಸವೇ ಇಲ್ಲ. ಮಾತು ಅಜ್ಜಿ ಮಲಗಿದ್ದನ್ನು ಹೇಳುತ್ತಿರುವಾಗ ಚಿತ್ರದಲ್ಲಿ ಬೆಕ್ಕು ಹಾಲಿನ ಪಾತ್ರೆ ಕಡೆ ಹೊರಟಿರಬೇಕು. ಆಗ ಓದಲು ಬಾರದ ಮಗುವಿಗೆ ಓದಿ ಹೇಳುವ ದೊಡ್ಡವರಿಗಿಂತ ಒಂದು ಗುಟ್ಟು ಹೆಚ್ಚು ಗೊತ್ತಿರುತ್ತದೆ. ಆ ಹೆಮ್ಮೆಯನ್ನು ಕೊಡುವ ಪುಸ್ತಕವನ್ನು ಎಷ್ಟು ಬಾರಿ ಬೇಕಾದರೂ ಮಗು ಮತ್ತೆ ಕೇಳುತ್ತದೆ.

ಹೆಸರಿಟ್ಟು ಹೇಳುವುದಾದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ ಹೊರತಂದ ಶೃಂಗೇರಿ ಶ್ರೀನಿವಾಸನ ಕತೆ ನೋಡು. ರೋಹಿಣಿ ನಿಲೇಕಣಿಯವರು ‘ನೋನಿ’ ಎಂಬ ಹೆಸರಿನಲ್ಲಿ ಬರೆದದ್ದು, ಆಂಜಿ ಮತ್ತು ಉಪೇಶ್ ಚಿತ್ರ ಬರೆದದ್ದು. ಉದ್ದಕ್ಕೆ ಬೆಳೆದ ಕೂದಲು ಹೊತ್ತ ರೈತ ವರ್ಷಕ್ಕೊಮ್ಮೆ ಕ್ಷೌರ ಮಾಡಿಸಲು ಹೊರಡುತ್ತಾನೆ, ಯಾರಿಗೂ ಪುರುಸೊತ್ತಿಲ್ಲ. ಕತೆ ಸಣ್ಣದು. ಆದರೆ ಆ ಕೂದಲಿನ ಚಿತ್ರವನ್ನು ಮಕ್ಕಳು ಬಿಟ್ಟು ಏಳುವುದಿಲ್ಲ. ರಾಜೀವ್ ಐಪ್ ತಾವೇ ಬರೆದು ಚಿತ್ರಿಸಿದ, ಅಮ್ಮಾಚಿಯೂ ಸೂರಜ್ ಎಂಬ ಹುಡುಗನೂ ಸೇರಿ ತೆಂಗಿನಕಾಯಿ ಬರ್ಫಿ ಮಾಡುವ ಪುಸ್ತಕ ಇನ್ನೊಂದು. ಕಾಯಿ ಕೀಳುವುದರಿಂದ ತುರಿಯುವವರೆಗೆ ರಾಟೆ, ಸನ್ನೆ, ಬೆಣೆ ಎಲ್ಲ ಬಂದು ಹೋಗುತ್ತವೆ. ಎಲ್ಲೂ ಪಾಠ ಹೇಳಿದ ಹಾಗೆ ಕಾಣುವುದಿಲ್ಲ. ಅಡಿಕೆ, ತೆಂಗು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಆ ಅಡುಗೆಮನೆ ಹೊಸದಲ್ಲ. ಹಾಗಾಗಿ ಹೊಸದನ್ನು ಕಾಣಲು ಅವರಿಗೆ ಬಿಡುವು ಸಿಗುತ್ತದೆ.

ಇನ್ನು ಅಕ್ಷರದ ಮಾತು. ಇದರಲ್ಲಿ ಕನ್ನಡಕ್ಕೆ ತನ್ನದೇ ಕಷ್ಟವಿದೆ. ಇದನ್ನು ಪುಸ್ತಕದ ಅಂಗಡಿಯವರು ನಿನಗೆ ಹೇಳುವುದಿಲ್ಲ. ಪುಸ್ತಕದ ಹಿಂಬದಿಯಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಹಂತ ಹಾಕಿರುತ್ತಾರೆ. ಪ್ರಥಮ್ ಬುಕ್ಸ್‌ನವರ ಲೆಕ್ಕದಲ್ಲಿ ಮೊದಲ ಹಂತ 250 ಪದಗಳವರೆಗೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ. ಈ ಎಣಿಕೆ ದಿಕ್ಕು ತೋರಿಸಲು ಸರಿ, ಅದನ್ನೇ ನಂಬಿ ಕೊಳ್ಳಬೇಡ. ‘ಓಡಿಹೋಗುತ್ತಿದ್ದಾಗಲೇ’ ಎಂಬುದೂ ನಮ್ಮಲ್ಲಿ ಒಂದೇ ಪದ, ‘ಮರ’ ಎಂಬುದೂ ಒಂದೇ ಪದ. ಕಾಗುಣಿತ ಈಗಷ್ಟೇ ಹಿಡಿತಕ್ಕೆ ಬರುತ್ತಿರುವ ಮಗು ಒತ್ತಕ್ಷರ ಕಂಡ ಕೂಡಲೇ ನಿಂತುಬಿಡುತ್ತದೆ. ಅರ್ಕಾವತ್ತು ಬಂದರಂತೂ ಯಾವುದನ್ನು ಮೊದಲು ಹೇಳಬೇಕೆಂದು ಮೇಷ್ಟ್ರ ಮುಖ ನೋಡುತ್ತದೆ. ಒಂದು ಪುಟ ತೆಗೆದು ಒತ್ತುಗಳನ್ನು ಎಣಿಸು. ಸಾಲು ಎಷ್ಟು ಉದ್ದ, ಪದ ಸಾಲಿನ ಕೊನೆಯಲ್ಲಿ ಮುರಿದಿದೆಯೇ, ಕಪ್ಪು ಮೋಡದ ಚಿತ್ರದ ಮೇಲೆ ಬಿಳಿ ಅಕ್ಷರ ಅಚ್ಚು ಹಾಕಿ ಕಣ್ಣಿಗೆ ಕಾಣದಂತೆ ಮಾಡಿದ್ದಾರೆಯೇ, ಇವೆಲ್ಲ ನೋಡು.

ಹಾಗೆಂದು ಒತ್ತಕ್ಷರವಿರುವ ಪುಸ್ತಕ ಬೇಡವೇ ಬೇಡ ಎಂದೂ ಅಲ್ಲ. ಎರಡು ಬಗೆಯವನ್ನು ಬೇರೆ ಮಾಡಿಕೊ. ಮಗು ತಾನೇ ಕೂಡಿಸಿ ಓದುವ ಪುಸ್ತಕ ಒಂದು, ನೀನು ಓದಿ ಹೇಳುವುದು ಇನ್ನೊಂದು. ಓದಿ ಹೇಳುವುದರಲ್ಲಿ ಎಂಥ ಮಾತು ಬೇಕಾದರೂ ಬರಲಿ. ಮಗುವಿನ ಕಿವಿ ಅದರ ಕಣ್ಣಿಗಿಂತ ನಾಲ್ಕಾರು ವರ್ಷ ಮುಂದೆ ಇರುತ್ತದೆ. ಓದಲು ಬಾರದ ಮಾತನ್ನೂ ಕೇಳಿ ನಗುತ್ತದೆ, ಮನೆಗೆ ಹೋಗಿ ಅವ್ವನ ಮುಂದೆ ಹೇಳುತ್ತದೆ. ಇಂಥ ಪುಸ್ತಕವನ್ನು ಮನಸ್ಸಿನಲ್ಲೇ ಓದಿ ಆರಿಸಬೇಡ, ಗಟ್ಟಿಯಾಗಿ ಓದು. ಈಗ ಕನ್ನಡಕ್ಕೆ ಬರುವ ಚಿತ್ರಪುಸ್ತಕಗಳಲ್ಲಿ ಬಹಳಷ್ಟು ಇಂಗ್ಲಿಷಿನಿಂದಲೋ ಹಿಂದಿಯಿಂದಲೋ ಬಂದವು. ಅದರಲ್ಲಿ ತಪ್ಪಿಲ್ಲ. ಆದರೆ ಕೆಲವನ್ನು ಅವಸರದಲ್ಲಿ ತಂದಿರುತ್ತಾರೆ. ಓದುತ್ತಾ ಓದುತ್ತಾ ನಿನ್ನ ನಾಲಿಗೆ ತಾನಾಗಿ ವಾಕ್ಯವನ್ನು ತಿದ್ದಿಕೊಂಡು ಹೇಳುತ್ತಿದ್ದರೆ, ಆ ಪುಸ್ತಕ ಅಲ್ಲೇ ಇಟ್ಟು ಬಾ.

ದುಡ್ಡು ಕೊಡುವ ಮೊದಲೇ ಪೂರ್ತಿ ಓದಲು ಒಂದು ದಾರಿಯಿದೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಸಾವಿರಾರು ಮಕ್ಕಳ ಪುಸ್ತಕಗಳು ಬಿಟ್ಟಿಯಾಗಿ ಸಿಗುತ್ತವೆ, ಕನ್ನಡದವೂ ಇವೆ. ನಿನ್ನ ಮೊಬೈಲಿನಲ್ಲೇ ತೆರೆದು, ಸಂಜೆ ಗ್ರಂಥಾಲಯಕ್ಕೆ ಬಂದ ಇಬ್ಬರು ಮೂವರಿಗೆ ಓದಿ ತೋರಿಸು. ಅವರು ಮತ್ತೆ ಓದು ಎಂದದ್ದನ್ನು ಕಾಗದದ ಪುಸ್ತಕವಾಗಿ ತರಿಸು. ಮೊಬೈಲಿನಲ್ಲಿ ಇದೆಯಲ್ಲ, ಕೊಳ್ಳುವುದೇಕೆ ಎಂದು ಪಂಚಾಯತಿಯಲ್ಲಿ ಯಾರಾದರೂ ಕೇಳಬಹುದು. ಮಗು ಪುಟ ಹಿಂದಕ್ಕೆ ತಿರುವಿ ಬೆಕ್ಕನ್ನು ಹುಡುಕುವುದು, ಪಕ್ಕದವನ ಜೊತೆ ಪುಸ್ತಕಕ್ಕಾಗಿ ಜಗ್ಗಾಡುವುದು, ಮನೆಗೆ ಒಯ್ದು ತಮ್ಮನಿಗೆ ತೋರಿಸುವುದು ಕಾಗದದ ಪುಸ್ತಕದಲ್ಲಿ ಮಾತ್ರ ಆಗುತ್ತದೆ ಎಂದು ಅವರಿಗೆ ಹೇಳು.

ಸುತ್ತಲಿನ ಲಂಬಾಣಿ ತಾಂಡಾಗಳ ಮಕ್ಕಳನ್ನು ಮರೆಯಬೇಡ. ಅವರ ಸಂತ ಸೇವಾಲಾಲರ ಜಯಂತಿಗೆ ಸೂರಗೊಂಡನಕೊಪ್ಪಕ್ಕೆ ಫೆಬ್ರವರಿಯಲ್ಲಿ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆ ನೆಲದ ಪಕ್ಕದಲ್ಲೇ ಇರುವ ನಾವು ಲಂಬಾಣಿ ಮಾತಾಡುವ ಮಗುವಿಗೆ ನಮ್ಮ ಗ್ರಂಥಾಲಯದಲ್ಲಿ ಏನು ಇಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು ಭಾಷೆ ಇರುವ ಮಗು ಒಂದನೇ ತರಗತಿಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡದೆ ಕೂರುವುದನ್ನು ನಾನು ಕಂಡಿದ್ದೇನೆ. ಅಂಥವರಿಗೆಂದೇ ಮಾತೇ ಇಲ್ಲದ, ಬರೀ ಚಿತ್ರದಲ್ಲಿ ನಡೆಯುವ ಪುಸ್ತಕಗಳನ್ನು ತೆಗೆದುಕೊ. ಅವುಗಳ ಕತೆಯನ್ನು ಆ ಮಗು ಲಂಬಾಣಿಯಲ್ಲಿ ಹೇಳಲಿ, ಅರ್ಧ ಕನ್ನಡ ಸೇರಿಸಿ ಹೇಳಲಿ, ನಡುವೆ ತಿದ್ದಬೇಡ. ಅಕ್ಷರವಿಲ್ಲದ ಪುಸ್ತಕಕ್ಕೆ ದುಡ್ಡು ಯಾಕೆ ಎನ್ನುವವರಿಗೆ ಆ ಮಗು ಕತೆ ಹೇಳುವುದನ್ನು ಒಮ್ಮೆ ಕೇಳಿಸು.

ಸೆಟ್ಟು ಮಾರುವವರು ಬರುತ್ತಾರೆ. ಐವತ್ತು ಪುಸ್ತಕದ ಸೆಟ್ಟು, ಅರ್ಧ ಬೆಲೆ, ಎಲ್ಲ ಬಣ್ಣ ಬಣ್ಣ. ಕೈಗೆ ತೆಗೆದುಕೊಂಡು ಚಿತ್ರ ಬರೆದವರ ಹೆಸರು ಹುಡುಕು. ಬರೆದವರ ಹೆಸರಿನ ಜೊತೆ ಅವರ ಹೆಸರನ್ನೂ ಹಾಕಿರುವ ಪ್ರಕಾಶಕರು ಚಿತ್ರಕ್ಕೆ ಬೆಲೆ ಕೊಟ್ಟಿದ್ದಾರೆ ಎಂದರ್ಥ. ಎಲ್ಲಿಂದಲೋ ಎತ್ತಿ ಅಂಟಿಸಿದ ಚಿತ್ರಕ್ಕೆ ಯಾರ ಹೆಸರೂ ಇರುವುದಿಲ್ಲ. ಒಂದು ಪುಟದಲ್ಲಿ ಹುಡುಗನ ಅಂಗಿ ಕೆಂಪಿದ್ದರೆ ಇನ್ನೊಂದರಲ್ಲಿ ಹಸಿರು. ಮಕ್ಕಳು ಅದನ್ನು ಕೂಡಲೇ ಹಿಡಿಯುತ್ತಾರೆ. ಕೊನೆಯ ಪುಟದಲ್ಲಿ ‘ನೀತಿ’ ಎಂದು ದಪ್ಪಕ್ಷರದಲ್ಲಿ ಹಾಕಿದವನ್ನೂ ನಾನು ಬೇಡ ಎನ್ನುತ್ತೇನೆ. ಕತೆ ಮುಗಿದ ಮೇಲೆ ಮಗು ತನ್ನಷ್ಟಕ್ಕೆ ಯೋಚಿಸುವ ಹೊತ್ತನ್ನು ಅದು ಕಿತ್ತುಕೊಳ್ಳುತ್ತದೆ.

ಕನ್ನಡದಲ್ಲಿ ಮಕ್ಕಳಿಗೆ ಬರೆದವರಿಗೆ ಎಂದೂ ಬರವಿರಲಿಲ್ಲ ನೋಡವ್ವ. ಪಂಜೆ ಮಂಗೇಶರಾಯರು 1921ರಲ್ಲೇ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು, ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟದ ‘ಬಾಲ ಪ್ರಪಂಚ’ ಕೊಟ್ಟರು, 1949ರಿಂದ ‘ಚಂದಮಾಮ’ ಕನ್ನಡದಲ್ಲಿ ಬಂತು. ಆದರೆ ಮೂರು ನಾಲ್ಕು ವರ್ಷದ ಕೂಸಿಗೆ, ಪುಟಕ್ಕೆ ಒಂದು ಸಾಲು ಮಾತು ಮತ್ತು ಪುಟ ತುಂಬ ಚಿತ್ರವಿರುವ, ಕೈಗೆಟಕುವ ಬೆಲೆಯ ಪುಸ್ತಕ ನಮ್ಮ ಹಳ್ಳಿಗೆ ಬಂದದ್ದು ತೀರ ಈಚೆಗೆ. ನನ್ನ ತರಗತಿಯ ಮೊದಲ ಮಕ್ಕಳಿಗೆ ಅದು ಸಿಗಲಿಲ್ಲ. ಈಗ ಸಿಗುತ್ತಿದೆ ಎಂಬ ಕಾರಣಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ನ್ಯಾಷನಲ್ ಬುಕ್ ಟ್ರಸ್ಟ್, ಚೆನ್ನೈನ ತೂಲಿಕಾ, ನಮ್ಮ ನವಕರ್ನಾಟಕ, ಇವರ ಪಟ್ಟಿಗಳನ್ನೂ ತರಿಸಿ ನೋಡು.

ಹಣ ಎಷ್ಟೇ ಇರಲಿ, ನೂರು ಪುಸ್ತಕ ಒಂದೊಂದೇ ಪ್ರತಿ ತರುವುದಕ್ಕಿಂತ ಇಪ್ಪತ್ತೈದು ಒಳ್ಳೆಯದನ್ನು ನಾಲ್ಕು ನಾಲ್ಕು ಪ್ರತಿ ತಾ. ಒಬ್ಬ ಮನೆಗೆ ಒಯ್ದದ್ದನ್ನೇ ಇನ್ನೊಬ್ಬ ಓದಿದರೆ ಇಬ್ಬರೂ ಅದರ ಬಗ್ಗೆ ಮಾತಾಡುತ್ತಾರೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗಿನಿಂದ ಪಂಚಾಯತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಗಿದೆಯಲ್ಲ; ಅಕ್ಕನ ಸೊಂಟದ ಮೇಲೆ ಬರುವ ಮೂರು ವರ್ಷದ ತಮ್ಮನಿಗೆ ಕಾರ್ಡಿಲ್ಲ. ಅವನಿಗೂ ನಾಲ್ಕು ಪುಸ್ತಕ ಇರಲಿ, ದಪ್ಪ ರಟ್ಟಿನವು. ಬಂದ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡ. ಗೋಡೆಗೆ ಹಗ್ಗ ಕಟ್ಟಿ, ಮುಖಪುಟ ಕಾಣುವ ಹಾಗೆ, ಮಗುವಿನ ಕೈ ಎತ್ತರಕ್ಕೆ ಕ್ಲಿಪ್ಪಿನಲ್ಲಿ ತೂಗುಹಾಕು. ಪಿನ್ನು ಹೊಡೆದವಕ್ಕೆ ಬಂದ ದಿನವೇ ನಡುವೆ ದಾರದ ಹೊಲಿಗೆ ಹಾಕಿಬಿಡು. ಹರಿದರೆ ಮಕ್ಕಳ ಕೈಯಿಂದಲೇ ಅಂಟಿಸು, ಬೈಯಬೇಡ.

ಶಿವಮೊಗ್ಗಕ್ಕೆ ಕೊಳ್ಳಲು ಹೋಗುವ ದಿನ ಹೇಳು, ನಾನೂ ಬರುತ್ತೇನೆ. ತಾಂಡಾದ ಇಬ್ಬರು ಹುಡುಗಿಯರನ್ನೂ ಅವರ ತಾಯಂದಿರನ್ನು ಕೇಳಿ ಜೊತೆಗೆ ಕರೆದುಕೋ. ಪಟ್ಟಿಯ ಕೊನೆಯ ಹತ್ತು ಪುಸ್ತಕಗಳ ಜಾಗ ಖಾಲಿ ಬಿಡು, ಅವನ್ನು ಅವರು ಆರಿಸಲಿ.