ಕಾಂಕ್ರೀಟಿನೊಳಗಿನ ಸರಳನ್ನು ಕಾಯುವ ಪೊರೆ

ಪಟ್ಟಂದೂರು ಅಗ್ರಹಾರದಲ್ಲಿ ಮೆಟ್ರೋ ರೈಲು ಓಡುವುದು ಎತ್ತರದ ಕಾಂಕ್ರೀಟು ಕಂಬಗಳ ಮೇಲೆ. ಕೃಷ್ಣರಾಜಪುರ–ವೈಟ್‌ಫೀಲ್ಡ್ ನಡುವಣ ಈ ಮಾರ್ಗ 2023ರ ಮಾರ್ಚ್ ತಿಂಗಳಲ್ಲಿ ತೆರೆಯಿತು. ಆ ಕಂಬಗಳೊಳಗಿನ ಉಕ್ಕಿನ ಸರಳುಗಳಿಗೂ ರೈತನ ಕೊಟ್ಟಿಗೆಯ ಕಂಬದ ಸರಳುಗಳಿಗೂ ತುಕ್ಕಿನಿಂದ ದೊರೆಯುವ ಮೂಲ ರಕ್ಷಣೆ ಒಂದೇ.

ಸಿಮೆಂಟು ನೀರಿನೊಡನೆ ಕೂಡಿದಾಗ ಸುಣ್ಣ ಉಂಟಾಗುತ್ತದೆ. ಗಟ್ಟಿಯಾದ ಕಾಂಕ್ರೀಟಿನ ಸೂಕ್ಷ್ಮರಂಧ್ರಗಳಲ್ಲಿರುವ ನೀರಿನ ರಸಸಾರ 12.5ಕ್ಕೂ ಹೆಚ್ಚು. ಮಣ್ಣಿನ ರಸಸಾರ 8.5 ದಾಟಿದರೇ ಬೆಳೆ ಸೊರಗುವುದನ್ನು ಕಂಡ ರೈತರಿಗೆ ಇದೆಂಥ ಕ್ಷಾರವೆಂದು ಬೇರೆ ಹೇಳಬೇಕಿಲ್ಲ. ಬೆಳೆಗೆ ಮಾರಕವಾದ ಈ ಕ್ಷಾರವೇ ಉಕ್ಕಿಗೆ ಆಸರೆ. ಇದರಲ್ಲಿ ಸರಳಿನ ಮೈ ಆಮ್ಲಜನಕದೊಡನೆ ಕೂಡಿ, ಒತ್ತಾಗಿ ಅಂಟಿಕೊಂಡ ಆಕ್ಸೈಡ್ ಪೊರೆಯನ್ನು ಕಟ್ಟಿಕೊಳ್ಳುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗ, ಕಣ್ಣಿಗೆ ಕಾಣದು. ಗುದ್ದಲಿಯ ಮೇಲಿನ ಕೆಂಪು ತುಕ್ಕೂ ಇದೇ ಬಳಗದ್ದು. ಆದರೆ ಅದು ಸಡಿಲ. ನೀರನ್ನೂ ಗಾಳಿಯನ್ನೂ ಒಳಬಿಡುತ್ತದೆ.

ಪೊರೆ ಕೆಡುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಮೆಲ್ಲಗೆ ಒಳಸೇರಿ ಸುಣ್ಣದ ಕ್ಷಾರತೆಯನ್ನು ಕಳೆಯುತ್ತದೆ. ರಸಸಾರ 9ರ ಆಸುಪಾಸಿಗೆ ಇಳಿದಲ್ಲಿ ಪೊರೆ ನಿಲ್ಲದು. ಕ್ಲೋರೈಡ್ ಇಷ್ಟು ಕಾಯುವುದಿಲ್ಲ. ಕ್ಷಾರವಿದ್ದರೂ ಪೊರೆಯನ್ನು ಅಲ್ಲಲ್ಲಿ ಒಡೆದು ಸರಳಿನಲ್ಲಿ ಕುಳಿ ತೋಡುತ್ತದೆ. ಇದು ಅಡುಗೆ ಉಪ್ಪಿನಲ್ಲಿ ಮಾತ್ರವಿದೆಯೆಂದು ತಿಳಿಯಬಾರದು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡೇ. ಅದರ ತೂಕದಲ್ಲಿ ಸುಮಾರು ಶೇ. 47 ಕ್ಲೋರಿನ್. ದನದ ಗಂಜಲದಲ್ಲಿಯೂ ಕ್ಲೋರೈಡ್ ಉಂಟು. ಗೊಬ್ಬರದ ಚೀಲಗಳನ್ನು ಕಂಬಕ್ಕೆ ಒರಗಿಸಿಡುವುದಾಗಲಿ, ಗಂಜಲ ಕಂಬದ ಬುಡದಲ್ಲಿ ನಿಲ್ಲಲು ಬಿಡುವುದಾಗಲಿ ಒಳ್ಳೆಯದಲ್ಲ. ಉಪ್ಪುನೀರಿನಲ್ಲಿ ಕಾಂಕ್ರೀಟು ಕಲೆಸುವುದಂತೂ ಇನ್ನೂ ಕೆಟ್ಟದ್ದು.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಆದುದರಿಂದ ಸರಳಿನ ಉದ್ದಕ್ಕೂ ಬಿರುಕು ಮೂಡಿ, ಕಂದು ಕಲೆ ಇಳಿದು, ಕೊನೆಗೆ ಚಕ್ಕೆ ಕಳಚಿ ಬೀಳುತ್ತದೆ. ಬಿರುಕಿಗೆ ಮೇಲಿನಿಂದ ಗಾರೆ ಮೆತ್ತಿ ಸುಣ್ಣ ಬಳಿದರೆ ರೋಗ ಒಳಗೇ ಬೆಳೆಯುತ್ತದೆ. ಕೊಟ್ಟಿಗೆಯ ಸೂರಿನಲ್ಲಿ ಇಂಥ ಬಿರುಕು ಕಂಡಲ್ಲಿ ದನಗಳನ್ನು ಕೂಡಲೇ ಬೇರೆಡೆ ಕಟ್ಟಿ, ಇಂಜಿನಿಯರರಿಗೆ ತೋರಿಸಬೇಕು.

ಹೊಸದಾಗಿ ಕಟ್ಟಿಸುವವರು ಸರಳಿನ ಹೊರಗೆ ಸಾಕಷ್ಟು ಕಾಂಕ್ರೀಟು ಉಳಿಯುವಂತೆ ನೋಡಿಕೊಳ್ಳಬೇಕು. ಐ.ಎಸ್. 456 (2000) ಕಂಬದ ಉದ್ದ ಸರಳುಗಳಿಗೆ ಸಾಮಾನ್ಯವಾಗಿ 40 ಮಿ.ಮೀ. ಹೊದಿಕೆ ಕೇಳುತ್ತದೆ. ಕವರ್ ಬ್ಲಾಕು ಇಡದೆ ಜಲ್ಲಿಚೂರು ಸಿಕ್ಕಿಸಿದರೆ ಅದು ಜಾರಿಹೋಗುತ್ತದೆ. ಕಾಂಕ್ರೀಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ, ನೀರುಣಿಸಬೇಕು.

ಅಲ್ಯುಮಿನಿಯಂಗೂ ತನ್ನದೇ ಆಕ್ಸೈಡ್ ಪೊರೆ ಉಂಟು, ಆದರೆ ಅದು ಕ್ಷಾರದಲ್ಲಿ ಕರಗುತ್ತದೆ. ಆದುದರಿಂದ ಬೋರ್ಡೋ ದ್ರಾವಣಕ್ಕೆ ಸುಣ್ಣ ಅರಳಿಸಲು ಅಲ್ಯುಮಿನಿಯಂ ಪಾತ್ರೆ ಬಳಸಬಾರದು. ಮಣ್ಣಿನ ಪಾತ್ರೆ ಆದೀತು.