ಎಕೋ ಸರಿಯಿದ್ದ ಮಾತ್ರಕ್ಕೆ ರಕ್ತನಾಳ ಸರಿಯಿರಬೇಕೆಂದಿಲ್ಲ

2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ವಾರ್ತೆ ಹಬ್ಬಿ, ಭೀತರಾದ ಜನ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದುದು ಎಲ್ಲರಿಗೂ ತಿಳಿದಿದೆ. ಹೃದಯವನ್ನು ತೋರಿಸಿಕೊಳ್ಳಬೇಕೆಂಬ ಎಚ್ಚರ ಮೂಡಿರುವುದು ಶುಭವೇ. ಆದರೆ ಯಾವ ಪರೀಕ್ಷೆ ಏನನ್ನು ಕಾಣಿಸೀತೆಂಬ ವಿವೇಚನೆ ಅದರೊಡನೆ ಮೂಡಿಲ್ಲವೆಂಬುದು ವಿಷಾದದ ಸಂಗತಿ.

ಮೊದಲು ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ಇಸಿಜಿಗಳನ್ನು ಊರ ಸಮೀಪದಲ್ಲೇ ಮುಗಿಸಿ, ಆ ಚೀಟಿಗಳೊಡನೆ ವೈದ್ಯರನ್ನು ಕಂಡು, ನಡೆವಾಗ ಎದೆ ಬಿಗಿಯುವುದೆ, ನಿಂತರೆ ಇಳಿಯುವುದೆ, ತಂದೆಗೋ ಅಣ್ಣನಿಗೋ ಎಳೆಯ ವಯಸ್ಸಿನಲ್ಲಿ ಹೃದಯಾಘಾತವಾಗಿತ್ತೆ ಎಂಬುದನ್ನು ಮರೆಮಾಚದೆ ಹೇಳತಕ್ಕದ್ದು.

ಹೆಚ್ಚಿನವರು ಎಡವುವುದು ಎಕೋ ಎಂಬ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹಗಲಿಡೀ ನಿಂತು ದುಡಿಯುವ ನೇಕಾರರೊಬ್ಬರು, ಮೆಟ್ಟಿಲೇರಿದರೆ ಎದೆ ಭಾರವೆನ್ನುತ್ತಲೇ, "ಇ.ಎಫ್. 60%" ಎಂಬಲ್ಲಿ ಪೆನ್ನಿನಿಂದ ಸುತ್ತು ಹಾಕಿದ್ದ ವರದಿಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು, "ಬ್ಲಾಕ್ ಏನೂ ಇಲ್ಲ ಸ್ವಾಮಿ, ಬರೀ ಗ್ಯಾಸ್ಟ್ರಿಕ್ಕು" ಎಂದರು. ಎಕೋ ತಿಳಿಸುವುದು ಹೃದಯದ ಸ್ನಾಯು ಎಷ್ಟು ಬಲವಾಗಿ ಸಂಕುಚಿಸುತ್ತದೆ (ಇ.ಎಫ್. ಅದರ ಅಳತೆ), ಕವಾಟಗಳು ಸರಿಯಾಗಿ ಮುಚ್ಚುತ್ತವೆಯೆ ಎಂಬುದನ್ನು. ಆ ಸ್ನಾಯುವಿಗೆ ರಕ್ತವೂಡುವ, ಮೂರು ನಾಲ್ಕು ಮಿಲಿಮೀಟರ್ ಅಗಲದ ನಾಳಗಳ ಒಳಗನ್ನಲ್ಲ. ನಾಳ ಶೇ 70ರಷ್ಟು ಕಿರಿದಾಗಿದ್ದರೂ ಮಲಗಿರುವವನ ಹೃದಯಕ್ಕೆ ಸಾಲುವಷ್ಟು ರಕ್ತ ದೊರೆಯುವುದುಂಟು. ಕೊರತೆ ಬಯಲಾಗುವುದು ಶ್ರಮದಲ್ಲಿ. ಎಕೋ ನಿರರ್ಥಕವೆಂದಲ್ಲ, ಕೇಳದ ಪ್ರಶ್ನೆಗೆ ಅದರಿಂದ ಉತ್ತರ ನಿರೀಕ್ಷಿಸಬಾರದಷ್ಟೆ.

ಆದುದರಿಂದ ಲಕ್ಷಣವುಳ್ಳವರು ಟಿಎಂಟಿ (ಟ್ರೆಡ್‌ಮಿಲ್ ಪರೀಕ್ಷೆ), ಸ್ಟ್ರೆಸ್ ಎಕೋ, ನ್ಯೂಕ್ಲಿಯರ್ ಸ್ಕ್ಯಾನ್, ಸಿ.ಟಿ. ಆಂಜಿಯೋ ಇವುಗಳಲ್ಲಿ ತಮಗೆ ಯಾವುದು ತಕ್ಕುದೆಂದು ವೈದ್ಯರನ್ನೇ ಕೇಳಬೇಕು. ನಾಳಗಳಲ್ಲಿನ ಸುಣ್ಣವನ್ನು ಸಿ.ಟಿ.ಯಲ್ಲಿ ಅಳೆಯುವ ಕ್ಯಾಲ್ಸಿಯಂ ಸ್ಕೋರ್ ಸೊನ್ನೆಯೆಂದು ಎದೆನೋವಿನವರು ನೆಮ್ಮದಿಗೊಳ್ಳಲಾಗದು, ಸುಣ್ಣಗಟ್ಟದ ಮೆದು ಕೊಬ್ಬು ಅದರಲ್ಲಿ ಕಾಣದು. ಲಕ್ಷಣವೇ ಇಲ್ಲದ ತರುಣರು ಪ್ಯಾಕೇಜಿನ ಆಸೆಗೆ ಸಿ.ಟಿ. ಆಂಜಿಯೋ ಮಾಡಿಸಿಕೊಂಡು ವಿಕಿರಣಕ್ಕೆ ಮೈಯೊಡ್ಡುವುದು ಸಲ್ಲದೆಂದು ನನ್ನ ದೃಢವಾದ ಅಭಿಪ್ರಾಯ.

ಡೈ ಚುಚ್ಚಿ ಮಾಡುವ ಸಿ.ಟಿ. ಆಂಜಿಯೋಗೆ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ಪರೀಕ್ಷೆ ಆಗಿರಬೇಕು. ಡೈ ಅಲರ್ಜಿ, ಆಸ್ತಮಾ, ಗರ್ಭ, ಮೆಟ್‌ಫಾರ್ಮಿನ್ ಸೇವನೆ, ಪುರುಷರಾದರೆ ವಯಾಗ್ರದಂಥ ಮಾತ್ರೆ, ಇವನ್ನು ಸಂಕೋಚವಿಲ್ಲದೆ ತಿಳಿಸತಕ್ಕದ್ದು. ಏಕೆಂದರೆ ಸ್ಕ್ಯಾನಿಗೆ ಮುನ್ನ ನಾಲಗೆಯಡಿ ಇಡುವ ನೈಟ್ರೋಗ್ಲಿಸರಿನ್ ವಯಾಗ್ರದಂಥ ಮಾತ್ರೆಯೊಡನೆ ಸೇರಿದರೆ ರಕ್ತದೊತ್ತಡ ಅಪಾಯಕರವಾಗಿ ಕುಸಿಯುತ್ತದೆ. ಕಾಫಿ, ಟೀ ಬಿಡಿ. ನಾಡಿಮಿಡಿತ 60ರ ಆಸುಪಾಸಿಗಿಳಿದರೆ ಚಿತ್ರ ಸ್ಫುಟವಾಗುತ್ತದೆ, ಅದಕ್ಕೆ ಮಾತ್ರೆ ಕೊಡುತ್ತಾರೆ. ಉಸಿರು ಹಿಡಿಯೆಂದಾಗ ಹಿಡಿಯಿರಿ.

ಬೆವರಿನೊಡನೆ ಎದೆನೋವು ಬಂದು ನಿಲ್ಲದಿದ್ದರೆ ಸ್ಕ್ಯಾನಿನ ಸರದಿ ಬೇಡ: 108ಕ್ಕೆ ಕರೆಮಾಡಿ ತಾಲ್ಲೂಕು ಆಸ್ಪತ್ರೆಗೆ ಧಾವಿಸಿ; ಅಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ನೋಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ.