ಸ್ತಬ್ಧಗೊಂಡ ತಂತ್ರಾಂಶವನ್ನು ಮುಚ್ಚುವ ಕ್ರಮ: ಟಾಸ್ಕ್ ಮ್ಯಾನೇಜರ್ ಬಳಕೆ

ಗ್ರಾಮ ಪಂಚಾಯಿತಿಯ ದೈನಂದಿನ ಕಾರ್ಯಗಳಲ್ಲಿ ಬಹುಪಾಲು ಇಂದು ಗಣಕಯಂತ್ರದ ಮೂಲಕವೇ ನಡೆಯುತ್ತದೆ. ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ಬಿ, ಪಂಚತಂತ್ರದಲ್ಲಿ ತೆರಿಗೆ ಲೆಕ್ಕ, ಇ-ಗ್ರಾಮ್ ಸ್ವರಾಜ್‌ನಲ್ಲಿ ಹಣ ಪಾವತಿ, ನುಡಿಯಲ್ಲಿ ಸಭಾ ನಡಾವಳಿ, ಇವೆಲ್ಲವೂ ಅನೇಕ ಕಚೇರಿಗಳಲ್ಲಿ ಒಂದೆರಡು ಯಂತ್ರಗಳನ್ನೇ ಅವಲಂಬಿಸಿವೆ. ಪರದೆ ನಿಶ್ಚಲವಾಯಿತೆಂದರೆ ಕೌಂಟರಿನ ಮುಂದೆ ನಿಂತವರ ಕೆಲಸವೂ ನಿಲ್ಲುತ್ತದೆ. ಆಗ ಕೇಳಿಬರುವ ಸಲಹೆ ಸಾಮಾನ್ಯವಾಗಿ ಒಂದೇ: ‘ಆಫ್ ಮಾಡಿ ಆನ್ ಮಾಡಿ.’ ಈ ಸಲಹೆ ನೀಡುವವರಲ್ಲಿ ಸದಸ್ಯರೂ ಇರುವುದರಿಂದ, ಅದಕ್ಕಿಂತ ಸುರಕ್ಷಿತವಾದ ಕ್ರಮವನ್ನು ಅವರು ಅರಿತಿರುವುದು ಉಚಿತ.

ಮೊದಲು ತಿಳಿಯಬೇಕಾದುದು, ‘ಹ್ಯಾಂಗ್’ ಆಗಿರುವುದು ಬಹುತೇಕ ಸಂದರ್ಭಗಳಲ್ಲಿ ಇಡೀ ಯಂತ್ರವಲ್ಲ, ಅದರೊಳಗಿನ ಒಂದು ತಂತ್ರಾಂಶ ಮಾತ್ರ. ಕಚೇರಿಯ ಒಬ್ಬ ಸಿಬ್ಬಂದಿ ಹಳೆಯ ಕಡತ ಹುಡುಕುವುದರಲ್ಲಿ ಮುಳುಗಿ ಕರೆಗೆ ಓಗೊಡದಿದ್ದರೆ ಯಾರೂ ಕಚೇರಿಗೇ ಬೀಗ ಹಾಕುವುದಿಲ್ಲ. ವಿಂಡೋಸ್ ಕಾರ್ಯವ್ಯವಸ್ಥೆಯು ಪ್ರತಿಯೊಂದು ತಂತ್ರಾಂಶಕ್ಕೂ ಕೀಲಿಮಣೆ ಹಾಗೂ ಮೌಸ್‌ನ ಸೂಚನೆಗಳನ್ನು ರವಾನಿಸುತ್ತಿರುತ್ತದೆ. ಒಂದು ತಂತ್ರಾಂಶವು ಸುಮಾರು 5 ಸೆಕೆಂಡುಗಳವರೆಗೆ ಅವುಗಳನ್ನು ಸ್ವೀಕರಿಸದಿದ್ದಲ್ಲಿ ಅದರ ಕಿಟಕಿ ಮಸುಕಾಗಿ, ಶೀರ್ಷಿಕೆಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ಕಾಣಿಸಿಕೊಳ್ಳುತ್ತದೆ. ಇದರ ಅರ್ಥ ತಂತ್ರಾಂಶ ಸತ್ತಿದೆ ಎಂದಲ್ಲ, ಸದ್ಯಕ್ಕೆ ಉತ್ತರಿಸುತ್ತಿಲ್ಲ ಎಂದಷ್ಟೇ. ದೊಡ್ಡ ಕಡತವನ್ನು ತೆರೆಯುವಾಗ ಅಥವಾ ನೂರಾರು ಪುಟಗಳನ್ನು ಮುದ್ರಣಕ್ಕೆ ಕಳುಹಿಸುವಾಗ ಆರೋಗ್ಯವಂತ ತಂತ್ರಾಂಶವೂ ಒಂದೆರಡು ನಿಮಿಷ ಹೀಗೆ ವರ್ತಿಸಬಹುದು.

ಪವರ್ ಗುಂಡಿಯನ್ನು ಒತ್ತಿ ಹಿಡಿದು ಯಂತ್ರವನ್ನು ಆರಿಸಿದಾಗ ಆಗುವುದೇನು? ಕೆಟ್ಟು ನಿಂತ ಒಂದು ತಂತ್ರಾಂಶದ ಜೊತೆಗೆ, ಸರಿಯಾಗಿಯೇ ನಡೆಯುತ್ತಿದ್ದ ಉಳಿದೆಲ್ಲವೂ ನಿಲ್ಲುತ್ತವೆ. ಉಳಿಸದೆ ಇದ್ದ ನಡಾವಳಿಯ ಕರಡು ಅಳಿಸಿಹೋಗಬಹುದು. ಆ ಕ್ಷಣದಲ್ಲಿ ಡಿಸ್ಕಿಗೆ ಬರೆಯಲ್ಪಡುತ್ತಿದ್ದ ಕಡತ ಅರ್ಧಕ್ಕೇ ನಿಂತು, ಮರುದಿನ ತೆರೆಯದಿರಬಹುದು. ಆದ್ದರಿಂದ ಪವರ್ ಗುಂಡಿ ಕೊನೆಯ ಉಪಾಯವಾಗಿರತಕ್ಕದ್ದು. ಮೌಸ್, ಕೀಲಿಮಣೆ ಯಾವುದೂ ಸ್ಪಂದಿಸದೆ ಹತ್ತು ನಿಮಿಷ ಕಳೆದ ಮೇಲೆ ಮಾತ್ರ ಅದರತ್ತ ಕೈ ಹೋಗಬೇಕು.

ಒಂದೇ ತಂತ್ರಾಂಶವನ್ನು ಮುಚ್ಚಲು ವಿಂಡೋಸ್‌ನಲ್ಲಿಯೇ ಒದಗಿಸಿರುವ ಸಾಧನ ಟಾಸ್ಕ್ ಮ್ಯಾನೇಜರ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ನೇರವಾಗಿ ತೆರೆದುಕೊಳ್ಳುತ್ತದೆ. ಪರದೆ ಇದಕ್ಕೂ ಸ್ಪಂದಿಸದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ, ಬರುವ ಪಟ್ಟಿಯಿಂದ ಟಾಸ್ಕ್ ಮ್ಯಾನೇಜರ್ ಆಯ್ದುಕೊಳ್ಳಬೇಕು. ಈ ಎರಡನೆಯ ಕೀಲಿಜೋಡಣೆಯ ಬಗ್ಗೆ ಹಳೆಯ ಸಿಬ್ಬಂದಿಗೆ ಅಳುಕು ಇರುವುದು ಸಹಜ. 1981ರ ಐಬಿಎಂ ಪಿಸಿಗಾಗಿ ಡೇವಿಡ್ ಬ್ರಾಡ್ಲಿ ಎಂಬ ಎಂಜಿನಿಯರ್ ರೂಪಿಸಿದಾಗ ಅದು ಯಂತ್ರವನ್ನು ನೇರವಾಗಿ ಮರುಪ್ರಾರಂಭಿಸುತ್ತಿತ್ತು. ಇಂದಿನ ವಿಂಡೋಸ್‌ನಲ್ಲಿ ಅದು ಒಂದು ಪಟ್ಟಿಯನ್ನು ತೋರಿಸುವುದಷ್ಟೇ. ಒತ್ತಿದ ಮಾತ್ರಕ್ಕೆ ಏನೂ ಮುಚ್ಚುವುದಿಲ್ಲ.

ತೆರೆದ ಪಟ್ಟಿಯಲ್ಲಿ ಚಾಲನೆಯಲ್ಲಿರುವ ತಂತ್ರಾಂಶಗಳ ಹೆಸರುಗಳೂ, ಎದುರಿಗೆ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಂಬ ಅಂಕಣಗಳೂ ಇರುತ್ತವೆ. ಕೂಡಲೇ ಮುಚ್ಚಲು ಹೋಗದೆ ಅರ್ಧ ನಿಮಿಷ ಈ ಅಂಕಿಗಳನ್ನು ಗಮನಿಸುವುದು ಲೇಸು. ಸ್ತಬ್ಧವಾದಂತೆ ಕಾಣುವ ತಂತ್ರಾಂಶದ ಡಿಸ್ಕ್ ಅಥವಾ ನೆಟ್‌ವರ್ಕ್ ಅಂಕಿ ಏರಿಳಿಯುತ್ತಿದ್ದರೆ ಅದು ಇನ್ನೂ ಕೆಲಸ ಮಾಡುತ್ತಿರುವ ಸಂಭವವೇ ಹೆಚ್ಚು, ಕಾಯಬೇಕು. ಎಲ್ಲವೂ ಸೊನ್ನೆಯಲ್ಲಿದ್ದು ಬಹಳ ಹೊತ್ತಾದರೂ ಬದಲಾಗದಿದ್ದರೆ, ಅಥವಾ ಸಿಪಿಯು ಅಂಕಿ ಮೇಲಕ್ಕೇರಿ ಅಲ್ಲಿಯೇ ನಿಂತಿದ್ದರೆ, ಅದು ಸಿಕ್ಕಿಹಾಕಿಕೊಂಡಿದೆ ಎಂದು ಭಾವಿಸಬಹುದು. ಇನ್ನು ಡಿಸ್ಕ್ ಅಂಕಣದ ತಲೆಯಲ್ಲಿಯೇ 100 ಪ್ರತಿಶತ ಎಂದಿದ್ದರೆ ದೋಷ ತೆರೆದಿರುವ ತಂತ್ರಾಂಶದ್ದಲ್ಲದಿರಬಹುದು. ವೈರಸ್ ತಪಾಸಣೆಯೋ ವಿಂಡೋಸ್ ಅಪ್‌ಡೇಟೋ ನಡೆಯುತ್ತಿದ್ದಲ್ಲಿ ಅದು ಮುಗಿಯುವವರೆಗೆ ತಾಳುವುದೇ ಪರಿಹಾರ.

ಮುಚ್ಚುವುದು ಅನಿವಾರ್ಯವೆನಿಸಿದಾಗ ಆ ತಂತ್ರಾಂಶದ ಹೆಸರನ್ನು ಆಯ್ದು ‘ಎಂಡ್ ಟಾಸ್ಕ್’ ಒತ್ತಬೇಕು. ‘ಉಳಿಸಬೇಕೇ?’ ಎಂಬ ಪ್ರಶ್ನೆಯನ್ನು ನಿರೀಕ್ಷಿಸುವಂತಿಲ್ಲ. ಉಳಿಸದ ಬರಹ ಹೋಗುತ್ತದೆ. ಆದಕಾರಣ ಉಳಿದ ತಂತ್ರಾಂಶಗಳಲ್ಲಿ ತೆರೆದಿರುವ ಕೆಲಸವನ್ನು ಮೊದಲು ಉಳಿಸಿಕೊಂಡು ಅನಂತರ ಇದಕ್ಕೆ ಕೈಹಾಕುವುದು ಕ್ಷೇಮ. ವರ್ಡ್‌ನಲ್ಲಿ ಸಿದ್ಧಪಡಿಸುತ್ತಿದ್ದ ಕಡತವಾದರೆ, ಮೂಲ ವ್ಯವಸ್ಥೆಯನ್ನು ಯಾರೂ ಬದಲಿಸದಿದ್ದಲ್ಲಿ, ಅದು 10 ನಿಮಿಷಕ್ಕೊಮ್ಮೆ ತಾನೇ ಕಾದಿರಿಸಿದ ಪ್ರತಿ ಮುಂದಿನ ಬಾರಿ ತೆರೆದಾಗ ದೊರೆಯಬಹುದು.

ಕ್ರೋಮ್ ಬ್ರೌಸರ್‌ನ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ದಾರಿಯಿದೆ. ಕ್ರೋಮ್ ತೆರೆದಿರುವಾಗ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಅದರದೇ ಆದ ಸಣ್ಣ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ ಪುಟಗಳ ಹೆಸರುಗಳೇ ಇರುವುದರಿಂದ, ನಿಂತುಹೋದ ಪುಟವೊಂದನ್ನೇ ಮುಚ್ಚಿ ಪಕ್ಕದ ಪುಟದಲ್ಲಿ ಅರ್ಧ ತುಂಬಿದ ಅರ್ಜಿಯನ್ನು ಉಳಿಸಿಕೊಳ್ಳಬಹುದು. ಈ ಸೌಲಭ್ಯ ಅನೇಕ ಆಪರೇಟರುಗಳಿಗೂ ತಿಳಿದಿಲ್ಲ.

ಮುಟ್ಟಬಾರದವೂ ಕೆಲವಿವೆ. ಪಟ್ಟಿಯಲ್ಲಿ ಕೆಳಗೆ ‘ವಿಂಡೋಸ್ ಪ್ರೊಸೆಸಸ್’ ಎಂಬ ಗುಂಪಿನಲ್ಲಿರುವವು ಕಾರ್ಯವ್ಯವಸ್ಥೆಯ ಅಂಗಗಳು. ಅವುಗಳಲ್ಲಿ ಕೆಲವನ್ನು ಬಲವಂತವಾಗಿ ನಿಲ್ಲಿಸಿದರೆ ನೀಲಿ ಪರದೆ ಬಂದು ಯಂತ್ರವೇ ನಿಲ್ಲುತ್ತದೆ. ಇದಕ್ಕೆ ‘ವಿಂಡೋಸ್ ಎಕ್ಸ್‌ಪ್ಲೋರರ್’ ಅಪವಾದ: ಕೆಳಗಿನ ಪಟ್ಟಿ, ಡೆಸ್ಕ್‌ಟಾಪ್ ಚಿಹ್ನೆಗಳು ಕಾಣೆಯಾದಾಗ ಅದನ್ನು ಆಯ್ದರೆ ‘ರೀಸ್ಟಾರ್ಟ್’ ಎಂಬ ಗುಂಡಿ ದೊರೆಯುತ್ತದೆ, ಅದನ್ನು ಒತ್ತಬಹುದು. ಹೆಸರು ಪರಿಚಯವಿಲ್ಲದ ಯಾವುದನ್ನೂ ಪ್ರಯೋಗಕ್ಕೆಂದು ಮುಚ್ಚಬಾರದು.

ಇಷ್ಟರವರೆಗಿನದು ಯಂತ್ರದ ಮಾತಾಯಿತು. ಪಂಚಾಯಿತಿಗೆ ನಿಜವಾದ ತೊಡಕು ಬರುವುದು ತಂತ್ರಾಂಶವನ್ನು ಮುಚ್ಚಿದ ಬಳಿಕ. ಅಂತರಜಾಲದ ಮೂಲಕ ನಡೆಯುವ ತಂತ್ರಾಂಶಗಳಲ್ಲಿ ಕಚೇರಿಯ ಪರದೆ ಒಂದು ಕಿಟಕಿ ಮಾತ್ರ. ದಾಖಲೆ ಇರುವುದು ದೂರದ ಸರ್ವರಿನಲ್ಲಿ. ‘ಸಲ್ಲಿಸು’ ಗುಂಡಿ ಒತ್ತಿದ ಮೇಲೆ ಬ್ರೌಸರ್ ನಿಂತುಹೋದರೆ, ಮಾಹಿತಿ ಸರ್ವರನ್ನು ತಲುಪಿರಲೂಬಹುದು, ತಲುಪದೆಯೂ ಇರಬಹುದು. ಎಂಡ್ ಟಾಸ್ಕ್ ಒತ್ತುವುದರಿಂದ, ಈಗಾಗಲೇ ತಲುಪಿದ್ದು ರದ್ದಾಗುವುದಿಲ್ಲ. ತೆರಿಗೆ ಕಟ್ಟಲು ಬಂದವರ ಹಣ ಜಮೆಯಾಗಿದ್ದು, ರಸೀದಿ ಮಾತ್ರ ಮುದ್ರಣವಾಗದೆ ಉಳಿದಿದ್ದರೆ, ಅದೇ ವಿವರವನ್ನು ಮತ್ತೆ ನಮೂದಿಸಿದಾಗ ಒಂದೇ ಮನೆಗೆ ಎರಡು ಜಮೆ ಬೀಳುವ ಅಪಾಯವಿದೆ. ನೋಡದೆಯೇ ‘ಹಣ ಬಂದಿಲ್ಲ, ಮತ್ತೆ ಕಟ್ಟಿ’ ಎಂದರೆ ಅನ್ಯಾಯ ತೆರಿಗೆದಾರರಿಗೆ. ಆದ್ದರಿಂದ ಪುನಃ ಲಾಗಿನ್ ಆದೊಡನೆ ಮಾಡತಕ್ಕ ಮೊದಲ ಕೆಲಸವೆಂದರೆ ಆ ದಿನದ ವಹಿವಾಟಿನ ಪಟ್ಟಿಯನ್ನು ತೆರೆದು ಆಸ್ತಿ ಸಂಖ್ಯೆಯಿಂದ ಹುಡುಕುವುದು. ಅಲ್ಲಿ ಇಲ್ಲವೆಂದು ಖಚಿತವಾದ ಮೇಲೆಯೇ ಎರಡನೆಯ ನಮೂದು.

ಗುತ್ತಿಗೆದಾರರ ಬಿಲ್ಲು ಹಾಗೂ ಸಿಬ್ಬಂದಿ ವೇತನದ ಪಾವತಿಯಲ್ಲಿಯೂ ಇದೇ ನಿಯಮ ಅನ್ವಯ. ವೋಚರಿನ ಸ್ಥಿತಿ ಏನೆಂದು ನೋಡದೆ ಹೊಸ ವೋಚರ್ ಸೃಜಿಸಬಾರದು. ಸಹಿ ಮಾಡುವ ಹಂತದಲ್ಲಿ ಪರದೆ ನಿಂತರೆ ಬ್ರೌಸರ್ ಮುಚ್ಚಿ, ಡಾಂಗಲ್ ಕಳಚಿ, ಪುನಃ ಜೋಡಿಸಿ ಪ್ರಯತ್ನಿಸಬಹುದು. ಇಲ್ಲಿ ಅಧ್ಯಕ್ಷರಿಗೆ ಒಂದು ಮಾತು: ‘ಹ್ಯಾಂಗ್ ಆಗಿದೆ, ಸರಿಯಾದ ಮೇಲೆ ನಾವೇ ಹಾಕಿಕೊಳ್ಳುತ್ತೇವೆ’ ಎಂಬ ಭರವಸೆಯ ಮೇಲೆ ಡಾಂಗಲನ್ನೂ ಪಾಸ್‌ವರ್ಡನ್ನೂ ಮೇಜಿನ ಮೇಲೆ ಬಿಟ್ಟು ಹೊರಡುವುದು ಸಲ್ಲ. ಯಂತ್ರ ಸರಿಹೋಗಲು ಮರುದಿನವಾದರೂ ಡಾಂಗಲ್ ಅದರ ಒಡೆಯರ ವಶದಲ್ಲಿಯೇ ಇರಬೇಕು.

ಅದೇ ತಂತ್ರಾಂಶ ವಾರದಲ್ಲಿ ಹಲವು ಬಾರಿ ನಿಲ್ಲುತ್ತಿದ್ದರೆ ಪ್ರತಿ ಬಾರಿಯೂ ಸಮಯ, ತಂತ್ರಾಂಶದ ಹೆಸರು ಮತ್ತು ಟಾಸ್ಕ್ ಮ್ಯಾನೇಜರ್‌ನ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವಂತೆ ಆಪರೇಟರಿಗೆ ಸೂಚಿಸಬಹುದು. ಹೊಸ ಗಣಕಯಂತ್ರ ಖರೀದಿಯ ವಿಷಯ ಸಾಮಾನ್ಯ ಸಭೆಯ ಮುಂದೆ ಬಂದಾಗ ಈ ಪುಸ್ತಕ ಉಪಯೋಗಕ್ಕೆ ಬರುತ್ತದೆ. ಟಾಸ್ಕ್ ಮ್ಯಾನೇಜರ್‌ನ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಮೆಮೊರಿ ಎಷ್ಟು ಜಿಬಿ ಇದೆ, ಎಷ್ಟು ಬಳಕೆಯಾಗಿದೆ ಎಂಬುದು ಕಾಣುತ್ತದೆ. 4 ಜಿಬಿಯ ಯಂತ್ರದಲ್ಲಿ ಬಳಕೆ ಸದಾ 90 ಪ್ರತಿಶತದ ಮೇಲಿದ್ದರೆ ಹೆಚ್ಚುವರಿ ಮೆಮೊರಿ ಅಳವಡಿಸುವುದರಿಂದ, ಡಿಸ್ಕ್ ಸದಾ 100ರಲ್ಲಿದ್ದರೆ ಹಳೆಯ ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಹಾಕಿಸುವುದರಿಂದ, ಇಡೀ ಯಂತ್ರದ ಬೆಲೆಗಿಂತ ಕಡಿಮೆಯಲ್ಲಿ ಕೆಲಸವಾಗಬಹುದು. ಆದರೆ ಯಂತ್ರ ವಿಂಡೋಸ್ 10ರಲ್ಲಿಯೇ ಇದ್ದು ವಿಂಡೋಸ್ 11ಕ್ಕೆ ಅರ್ಹವಲ್ಲದಿದ್ದರೆ ಲೆಕ್ಕ ಬೇರೆಯಾಗುತ್ತದೆ. ಆ ಆವೃತ್ತಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಣ ಪಾವತಿಗೆ ಬಳಸುವ ಯಂತ್ರದ ಮಟ್ಟಿಗಾದರೂ ಬದಲಾವಣೆಯ ಪ್ರಸ್ತಾವವನ್ನು ಸಭೆ ಮೊದಲು ಕೈಗೆತ್ತಿಕೊಳ್ಳಬೇಕಾಗುತ್ತದೆ.